ಬಿ.ಎಂ.ಸಿ.ಯ ಗ್ಯಾಸ್ ತಾನಾಗಿ ಖಾಲಿಯಾಗುವುದಿಲ್ಲ: ಸೋರಿಕೆ ಪತ್ತೆ ಹಚ್ಚುವ ಬಗೆ



ಪ್ರತಿ ಬೇಸಿಗೆಯಲ್ಲಿ ಹಸುಗಳಿಗೆ ನೆರಳು, ನೀರು, ಹಸಿರು ಮೇವು ಎಂದು ಬರೆಯುತ್ತಿದ್ದೆ. ಈ ಸಲ ಕೊಟ್ಟಿಗೆಯಿಂದ ಹೊರಗೆ ಬಂದು, ಸಂಘದ ಕೊಠಡಿಯಲ್ಲಿರುವ ಬಲ್ಕ್ ಮಿಲ್ಕ್ ಕೂಲರ್, ಅಂದರೆ ನಾವೆಲ್ಲ ಬಿ.ಎಂ.ಸಿ. ಎಂದು ಕರೆಯುವ ಯಂತ್ರದ ಬಗ್ಗೆ ಬರೆಯುತ್ತಿದ್ದೇನೆ. ಪಶುವೈದ್ಯರಿಗೂ ಯಂತ್ರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಹಾಲು ಹುಳಿಯಾಗಿದೆ ಎಂದಾಗ ಮೊದಲು ಬರುವ ಕರೆ ನಮಗೇ. ‘ಯಾರದೋ ಹಸುವಿಗೆ ಕೆಚ್ಚಲು ಬಾವು ಇರಬೇಕು, ಬಂದು ನೋಡಿ’ ಎನ್ನುತ್ತಾರೆ. ಹೋಗಿ ನೋಡಿದರೆ ಎಷ್ಟೋ ಸಲ ಹಸುಗಳು ಚೆನ್ನಾಗಿಯೇ ಇರುತ್ತವೆ, ಕಾಯಿಲೆ ಬಿದ್ದಿರುವುದು ಯಂತ್ರ. ಆ ಕಾಯಿಲೆಗಳಲ್ಲಿ ಮುಖ್ಯವಾದದ್ದು ಶೀತಕಾನಿಲದ, ಅಂದರೆ ‘ಗ್ಯಾಸ್’ನ ಸೋರಿಕೆ.

ಇದನ್ನು ಗುರುತಿಸಲು ಎಂಜಿನಿಯರಿಂಗ್ ಓದಬೇಕಿಲ್ಲ. ಕಣ್ಣು, ಕೈ, ಒಂದು ಥರ್ಮಾಮೀಟರ್, ಒಂದು ನೋಟ್ ಪುಸ್ತಕ ಮತ್ತು ಪಾತ್ರೆ ತೊಳೆಯುವ ಸೋಪು ಇದ್ದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧವನ್ನು ತಂತ್ರಜ್ಞರು ಮಾಡಬೇಕು. ಅವರು ಸರಿಯಾಗಿ ಮಾಡಿದರೇ ಎಂದು ನೋಡಿಕೊಳ್ಳುವುದು ನಿಮ್ಮ ಹಕ್ಕು.

ತಂಪು ತಪ್ಪಿದರೆ ಏನಾಗುತ್ತದೆ?

ಕೆಚ್ಚಲಿನಿಂದ ಇಳಿಯುವಾಗ ಹಾಲಿನ ಬಿಸಿ ಹಸುವಿನ ಮೈಬಿಸಿಯಷ್ಟೇ ಇರುತ್ತದೆ, ಸುಮಾರು 38 ಡಿಗ್ರಿ ಸೆಲ್ಸಿಯಸ್. ಬ್ಯಾಕ್ಟೀರಿಯಾಗಳಿಗೆ ಇದು ಹಬ್ಬದೂಟ. ಹೊಸ ಹಾಲಿಗೆ ತನ್ನದೇ ಆದ ರಕ್ಷಣಾಶಕ್ತಿ ಸ್ವಲ್ಪ ಹೊತ್ತು ಇರುತ್ತದೆ, ಆಮೇಲೆ ಅವುಗಳದೇ ರಾಜ್ಯ. ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆ ಎಂದು ಲೆಕ್ಕ ಹಾಕಿದರೆ ಒಂದು ಬ್ಯಾಕ್ಟೀರಿಯಾ 3 ಗಂಟೆಯಲ್ಲಿ 64 ಆಗುತ್ತದೆ, 6 ಗಂಟೆಯಲ್ಲಿ 4,096 ಆಗುತ್ತದೆ. ಹಾಲನ್ನು 4 ಡಿಗ್ರಿಗೆ ಇಳಿಸಿದರೆ ಈ ಓಟ ಬಹುಮಟ್ಟಿಗೆ ನಿಲ್ಲುತ್ತದೆ. ಬ್ಯಾಕ್ಟೀರಿಯಾ ಸಾಯುವುದಿಲ್ಲ, ಮಲಗುತ್ತವೆ ಅಷ್ಟೆ. ಹಾಗಾಗಿ ಎಷ್ಟು ಬೇಗ 4 ಡಿಗ್ರಿ ಮುಟ್ಟಿತು ಎಂಬುದರ ಮೇಲೆಯೇ ಹಾಲಿನ ಹಣೆಬರಹ ನಿಂತಿದೆ.

ಹಾಲು ಒಯ್ಯುವ ಟ್ಯಾಂಕರ್ ಹಾಲನ್ನು ತಂಪು ಮಾಡುವುದಿಲ್ಲ ಎಂಬುದೂ ನೆನಪಿರಲಿ. ಅದು ದೊಡ್ಡ ಫ್ಲಾಸ್ಕ್ ಇದ್ದಂತೆ, ಕೊಟ್ಟ ತಂಪನ್ನು ಕಾಯ್ದುಕೊಳ್ಳುತ್ತದೆ ಅಷ್ಟೇ. 9 ಡಿಗ್ರಿಯ ಹಾಲು ತುಂಬಿಸಿ ಕಳಿಸಿದರೆ ಡೇರಿ ತಲುಪುವಾಗ ಅದು 9ಕ್ಕಿಂತ ಕಡಿಮೆ ಇರುವುದಿಲ್ಲ.

ಇನ್ನು ನಷ್ಟದ ಲೆಕ್ಕ. ಲೀಟರಿಗೆ 35 ರೂಪಾಯಿ ಎಂದು ಇಟ್ಟುಕೊಂಡರೂ 1,000 ಲೀಟರ್ ಹಾಲು ತಿರಸ್ಕಾರವಾದರೆ ಒಂದು ಹೊತ್ತಿಗೆ 35,000 ರೂಪಾಯಿ ಮೋರಿಗೆ ಹೋದಂತೆ. ಅದರಲ್ಲಿ ಹತ್ತು ಹಸುವಿನವರ ಹಾಲೂ ಇರುತ್ತದೆ, ಒಂದೇ ಹಸು ಕಟ್ಟಿಕೊಂಡು ಮಕ್ಕಳ ಶಾಲೆ ಫೀಸು ಕಟ್ಟುವವರ ನಾಲ್ಕು ಲೀಟರೂ ಇರುತ್ತದೆ.

ಯಂತ್ರ ತಂಪು ಮಾಡುವುದು ಹೇಗೆ?

ಹಸುವಿಗೆ ಇಂಜೆಕ್ಷನ್ ಕೊಡುವ ಮೊದಲು ಸ್ಪಿರಿಟ್ ಹಚ್ಚುತ್ತೇವಲ್ಲ, ಅದನ್ನು ನಿಮ್ಮ ಅಂಗೈಗೆ ಹಚ್ಚಿಕೊಂಡು ನೋಡಿ. ತಣ್ಣಗಾಗುತ್ತದೆ. ಸ್ಪಿರಿಟ್ ಆವಿಯಾಗುವಾಗ ಕೈಯ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಮಣ್ಣಿನ ಮಡಕೆಯ ನೀರು ತಂಪಾಗುವುದೂ ಹೀಗೆಯೇ. ಬಿ.ಎಂ.ಸಿ.ಯಲ್ಲೂ ಇದೇ ನಡೆಯುತ್ತದೆ, ಆದರೆ ಆವಿಯಾದದ್ದು ಗಾಳಿಗೆ ಹೋಗದೆ ಕೊಳವೆಯೊಳಗೇ ಸುತ್ತುತ್ತದೆ.

ಇದರಲ್ಲಿ ನಾಲ್ಕು ಮುಖ್ಯ ಭಾಗಗಳಿವೆ. ಟ್ಯಾಂಕಿನ ತಳದ ಎರಡು ತಗಡುಗಳ ನಡುವೆ ಇರುವುದು ಎವಾಪರೇಟರ್. ಇಲ್ಲಿ ಶೀತಕ ದ್ರವ ಆವಿಯಾಗುತ್ತಾ ಹಾಲಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಆ ಆವಿಯನ್ನು ಎಳೆದು ಒತ್ತುವುದು ಕಂಪ್ರೆಸರ್. ಒತ್ತಿದ ಬಿಸಿ ಆವಿಯನ್ನು ಫ್ಯಾನಿನ ಗಾಳಿಯಿಂದ ಆರಿಸಿ ಮತ್ತೆ ದ್ರವ ಮಾಡುವುದು ಕಂಡೆನ್ಸರ್. ಆ ದ್ರವವನ್ನು ಅಳತೆಯಲ್ಲಿ ಟ್ಯಾಂಕಿನ ತಳಕ್ಕೆ ಬಿಡುವುದು ಎಕ್ಸ್‌ಪ್ಯಾನ್ಶನ್ ವಾಲ್ವ್. ಹಾಲಿನ ಬಿಸಿ ಫ್ಯಾನಿನ ಗಾಳಿಯಲ್ಲಿ ಹೊರಗೆ ಹೋಗುತ್ತದೆ, ಶೀತಕ ಒಳಗೇ ಉಳಿಯುತ್ತದೆ.

ನಮ್ಮ ಕಡೆಯ ಯಂತ್ರಗಳಲ್ಲಿ ಆರ್-22, ಆರ್-404ಎ ಎಂಬ ಶೀತಕಗಳು ಸಾಮಾನ್ಯ. ನಿಮ್ಮ ಯಂತ್ರದಲ್ಲಿರುವುದು ಯಾವುದು, ಎಷ್ಟು ಕಿಲೋ ಎಂಬುದನ್ನು ಯಂತ್ರಕ್ಕೆ ಅಂಟಿಸಿದ ಲೋಹದ ಫಲಕದಲ್ಲಿ ಬರೆದಿರುತ್ತಾರೆ. ಇವತ್ತೇ ಹೋಗಿ ಓದಿ, ನೋಟ್ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.

ಈಗ ಎಲ್ಲಕ್ಕಿಂತ ಮುಖ್ಯ ಮಾತು. ಬಿ.ಎಂ.ಸಿ.ಯ ಗ್ಯಾಸ್ ಅಡುಗೆ ಗ್ಯಾಸಿನಂತೆ ಉರಿದು ಖಾಲಿಯಾಗುವ ವಸ್ತುವಲ್ಲ. ‘ಎರಡು ವರ್ಷ ಆಯ್ತಮ್ಮ, ಗ್ಯಾಸ್ ಮುಗಿದಿದೆ, ತುಂಬಿಸಬೇಕು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೊಳವೆಯಲ್ಲಿ ತೂತಿಲ್ಲದಿದ್ದರೆ ತುಂಬಿದ ಗ್ಯಾಸ್ ವರ್ಷಗಟ್ಟಲೆ ಹಾಗೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬಿಸುವುದು ತೂತು ಬಿಂದಿಗೆಗೆ ನೀರು ಹೊಯ್ದಂತೆ. ಉಣ್ಣೆ ಜ್ವರ ಬಂದ ಹಸುವಿಗೆ ಜ್ವರ ಇಳಿಸುವ ಔಷಧಿ ಮಾತ್ರ ಕೊಟ್ಟು ಉಣ್ಣೆಯನ್ನು ಹಾಗೇ ಬಿಟ್ಟರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ.

ಒಂದು ಮಹಿಳಾ ಸಂಘದಲ್ಲಿ ನಡೆದದ್ದು

ನಾನು ಹೋಗಿದ್ದ ಒಂದು ಮಹಿಳಾ ಸಂಘದಲ್ಲಿ ಮಾರ್ಚಿಯಿಂದ ಮೇ ವರೆಗೆ ಹಾಲಿನ ಗುಣಮಟ್ಟ ಪದೇ ಪದೇ ಕುಸಿಯುತ್ತಿತ್ತು. ಸದಸ್ಯರು ಒಬ್ಬರನ್ನೊಬ್ಬರು ಅನುಮಾನಿಸಲು ಶುರುಮಾಡಿದ್ದರು. ಕೊನೆಗೆ ಬೆರಳು ತೋರಿಸಿದ್ದು ಊರಂಚಿನ ಒಬ್ಬ ವಿಧವೆಯ ಕಡೆಗೆ. ‘ಅವಳ ಕೊಟ್ಟಿಗೆ ಮಣ್ಣಿನದು, ಅವಳ ಹಾಲಿನಿಂದಲೇ ಕೆಡುತ್ತಿದೆ’ ಎಂದು ನಾಲ್ಕು ದಿನ ಆಕೆಯ ಹಾಲು ತೆಗೆದುಕೊಂಡಿರಲಿಲ್ಲ. ಆಕೆಯ ಹಸುವಿನ ನಾಲ್ಕೂ ಮೊಲೆಗಳ ಹಾಲನ್ನು ಕೆಚ್ಚಲು ಬಾವು ಪತ್ತೆ ಮಾಡುವ ದ್ರಾವಣದಲ್ಲಿ ಪರೀಕ್ಷಿಸಿದೆ. ನಾಲ್ಕೂ ಶುದ್ಧ. ಆಕೆಯ ಹಾಲು ಬಿಟ್ಟ ನಾಲ್ಕು ದಿನವೂ ಟ್ಯಾಂಕಿನ ಹಾಲು ಸುಧಾರಿಸಿರಲಿಲ್ಲ.

ಆಗ ನಾವು ತಾಪಮಾನದ ಪುಸ್ತಕ ತೆರೆದೆವು. ಹಾಲು ಪರೀಕ್ಷಕಿ ದಿನವೂ ಬರೆದಿಟ್ಟಿದ್ದರು. ಹೆಚ್ಚುಕಡಿಮೆ ಅಷ್ಟೇ ಹಾಲು, ಆದರೆ 4 ಡಿಗ್ರಿಗೆ ಇಳಿಯಲು ಫೆಬ್ರವರಿಯಲ್ಲಿ ಎರಡೂವರೆ ಗಂಟೆ, ಏಪ್ರಿಲ್‌ನಲ್ಲಿ ನಾಲ್ಕು ಗಂಟೆ. ನಡುವೆ ಎರಡು ಕಡೆ ‘ಗ್ಯಾಸ್ ತುಂಬಿಸಿದೆ’ ಎಂಬ ಟಿಪ್ಪಣಿ. ತುಂಬಿಸಿದ ಹದಿನೈದು ದಿನ ಚೆನ್ನಾಗಿ ನಡೆದು ಮತ್ತೆ ಅದೇ ಹಾಡು. ತುಂಬಿಸಿದವರು ಎರಡೂ ಸಲ ಸೋರಿಕೆ ಹುಡುಕಿರಲಿಲ್ಲ. ಪರೀಕ್ಷಕಿಯೇ ಟಾರ್ಚ್ ಹಿಡಿದು ನೋಡಿದಾಗ ಕಂಪ್ರೆಸರಿನ ಪಕ್ಕದ ಒಂದು ನಟ್ಟಿನ ಸುತ್ತ ಧೂಳು ಎಣ್ಣೆಯಲ್ಲಿ ಕಲಸಿದಂತೆ ಅಂಟಿತ್ತು. ಸೋಪಿನ ನೀರು ಹಚ್ಚಿದರೆ ನೊರೆ ಬಂತು. ತಂತ್ರಜ್ಞರು ಬಂದು ಕೊಳವೆಯ ತುದಿ ಬದಲಿಸಿ ರಿಪೇರಿ ಮಾಡಿದ ಮೇಲೆ ದೂರು ನಿಂತಿತು. ನಾಲ್ಕು ದಿನ ಹಾಲು ಹಾಕಲಾಗದ ಆ ಸಹೋದರಿಯ ನಷ್ಟವನ್ನೂ ನೊಂದ ಮನಸ್ಸನ್ನೂ ಯಾವ ಪುಸ್ತಕದಲ್ಲೂ ಬರೆಯಲು ಬರುವುದಿಲ್ಲ. ಯಾರ ಹಾಲು ಕೆಟ್ಟದ್ದು ಎಂದು ಹುಡುಕುವ ಮೊದಲು ಯಂತ್ರ ಸರಿಯಿದೆಯೇ ಎಂದು ನೋಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಸೋರಿಕೆಯ ಲಕ್ಷಣಗಳು

1. ಅಷ್ಟೇ ಹಾಲಿಗೆ ತಂಪಾಗುವ ಸಮಯ ದಿನದಿಂದ ದಿನಕ್ಕೆ ಹೆಚ್ಚುವುದು. ಸಾಮಾನ್ಯವಾಗಿ ಹೊಸ ಹಾಲು ಎರಡೂವರೆಯಿಂದ ಮೂರೂವರೆ ಗಂಟೆಯಲ್ಲಿ 4 ಡಿಗ್ರಿ ಮುಟ್ಟಬೇಕು.

2. ಕಂಪ್ರೆಸರ್ ನಿಲ್ಲದೆ ಓಡುವುದು, ಕರೆಂಟ್ ಬಿಲ್ ಏರುವುದು. ಸೋರಿಕೆ ಹೆಚ್ಚಾದಾಗ ಕಡಿಮೆ ಒತ್ತಡದ ಸುರಕ್ಷತಾ ಸ್ವಿಚ್ ಬಿದ್ದು ಯಂತ್ರ ಆಗಾಗ ನಿಂತು ಮತ್ತೆ ಶುರುವಾಗುವುದು.

3. ಟ್ಯಾಂಕಿನಿಂದ ಕಂಪ್ರೆಸರಿಗೆ ಹಿಂದಿರುಗುವ, ಕಪ್ಪು ಹೊದಿಕೆಯ ದಪ್ಪ ಕೊಳವೆ ಮುಟ್ಟಿದರೆ ತಣ್ಣಗಿರಬೇಕು, ಅದರ ಮೇಲೆ ಬೆವರಿನಂತೆ ನೀರು ಕೂರುತ್ತದೆ. ಗ್ಯಾಸ್ ಕಡಿಮೆಯಾದರೆ ಅದು ಬೆಚ್ಚಗಾಗುತ್ತದೆ. ಈ ಬೆವರು ಸೋರಿಕೆಯಲ್ಲ, ಗಾಳಿಯ ತೇವ ಎಂಬುದು ನೆನಪಿರಲಿ.

4. ಕೊಳವೆಯ ನಡುವೆ ಗಾಜಿನ ಕಿಂಡಿ ಇದ್ದರೆ, ಯಂತ್ರ ಹತ್ತು ಹದಿನೈದು ನಿಮಿಷ ಓಡಿದ ಮೇಲೂ ಅದರಲ್ಲಿ ಗುಳ್ಳೆಗಳು ಓಡುತ್ತಿರುವುದು. ಫಿಲ್ಟರ್ ಕಟ್ಟಿಕೊಂಡರೂ ಗುಳ್ಳೆ ಬರಬಹುದು, ಆದ್ದರಿಂದ ಇದೊಂದನ್ನೇ ನೋಡಿ ತೀರ್ಮಾನಿಸಬೇಡಿ.

5. ಕೊಳವೆ, ನಟ್ಟು, ವಾಲ್ವಿನ ಸುತ್ತ ಎಣ್ಣೆಯ ಕಲೆ. ಶೀತಕದ ಜೊತೆ ಕಂಪ್ರೆಸರಿನ ಎಣ್ಣೆಯೂ ಸ್ವಲ್ಪ ಸುತ್ತುತ್ತಿರುತ್ತದೆ. ಗ್ಯಾಸ್ ಹೊರಬಂದು ಹಾರಿಹೋಗುತ್ತದೆ, ಎಣ್ಣೆ ಅಲ್ಲೇ ಉಳಿದು ಧೂಳು ಹಿಡಿಯುತ್ತದೆ. ಕಳ್ಳ ಓಡಿಹೋದರೂ ಹೆಜ್ಜೆ ಗುರುತು ಉಳಿದಂತೆ.

ಸೋರಿಕೆಯಂತೆ ಕಾಣುವ ಬೇರೆ ತೊಂದರೆಗಳು

ತಂತ್ರಜ್ಞರನ್ನು ಕರೆಯುವ ಮೊದಲು ಇವನ್ನು ನೋಡಿಕೊಳ್ಳಿ. ಖರ್ಚೂ ಉಳಿಯಬಹುದು.

ಕಂಡೆನ್ಸರ್ ಜಾಲರಿಯಲ್ಲಿ ಧೂಳು, ಹೊಟ್ಟು, ಜೇಡರ ಬಲೆ ಕಟ್ಟಿಕೊಂಡರೂ ತಂಪು ಕಡಿಮೆಯಾಗುತ್ತದೆ. ವ್ಯತ್ಯಾಸ ತಿಳಿಯಲು ಫ್ಯಾನಿನಿಂದ ಹೊರಬರುವ ಗಾಳಿಗೆ ದೂರದಿಂದ ಕೈಯೊಡ್ಡಿ. ಗಾಳಿ ಸುಡುವಷ್ಟು ಬಿಸಿಯಿದ್ದರೆ ಜಾಲರಿ ಕಟ್ಟಿದೆ. ಟ್ಯಾಂಕಿನಲ್ಲಿ ಬಿಸಿ ಹಾಲು ಇದ್ದು, ಯಂತ್ರ ಓಡುತ್ತಲೇ ಇದ್ದರೂ ಗಾಳಿ ಹೆಚ್ಚು ಬೆಚ್ಚಗಾಗದಿದ್ದರೆ ಗ್ಯಾಸ್ ಕಡಿಮೆಯಿರುವ ಸಂಭವ ಹೆಚ್ಚು.

ಹಾಲು ಕಲಕುವ ಮೋಟಾರ್ ನಿಂತಿದ್ದರೆ ತಳದಲ್ಲಿ ಹಾಲು ಹೆಪ್ಪುಗಟ್ಟಿ ಮೇಲೆ ಬಿಸಿಯೇ ಇರುತ್ತದೆ. ವೋಲ್ಟೇಜ್ ಕಡಿಮೆಯಿದ್ದರೆ ಕಂಪ್ರೆಸರ್ ಆಗಾಗ ನಿಲ್ಲುತ್ತದೆ. ಥರ್ಮಾಮೀಟರೇ ಸುಳ್ಳು ಹೇಳುತ್ತಿರಬಹುದು. ಪುಡಿ ಮಾಡಿದ ಐಸ್ ಮತ್ತು ಸ್ವಲ್ಪ ನೀರು ಬೆರೆಸಿದ ಲೋಟದಲ್ಲಿ ಅದ್ದಿ ಕಲಕಿ, ಸೊನ್ನೆ ತೋರಿಸಬೇಕು.

ನೀವೇ ಮಾಡಬಹುದಾದ ಸೋಪಿನ ನೀರಿನ ಪರೀಕ್ಷೆ

ಸೈಕಲ್ ಟ್ಯೂಬಿನ ಪಂಕ್ಚರನ್ನು ನೀರಿನಲ್ಲಿ ಮುಳುಗಿಸಿ ಹುಡುಕುವುದನ್ನು ನೋಡಿದ್ದೀರಿ. ಇದೂ ಅದೇ ವಿದ್ಯೆ.

ಮೊದಲು ಯಂತ್ರದ ಮುಖ್ಯ ಸ್ವಿಚ್ ಆರಿಸಿ. ಹಾಲು ಖಾಲಿಯಾಗಿ ಟ್ಯಾಂಕ್ ತೊಳೆದ ಮೇಲಿನ ಬಿಡುವಿನ ವೇಳೆ ಇದಕ್ಕೆ ಒಳ್ಳೆಯದು. ಸೆರಗು ಸಿಕ್ಕಿಸಿಕೊಳ್ಳಿ, ಜಡೆಯನ್ನು ಮೇಲೆ ಕಟ್ಟಿ. ಫ್ಯಾನ್ ಪೂರ್ತಿ ನಿಂತ ಮೇಲೆ ಕಾಲು ಗಂಟೆ ಬಿಡಿ. ಆಗ ಎರಡೂ ಕಡೆಯ ಒತ್ತಡ ಸಮವಾಗುತ್ತದೆ, ಕಡಿಮೆ ಒತ್ತಡದ ಕಡೆಯಲ್ಲಿ ಒತ್ತಡ ಏರುವುದರಿಂದ ಅಲ್ಲಿನ ಸಣ್ಣ ಸೋರಿಕೆಯೂ ಕಾಣುತ್ತದೆ.

ಒಣ ಬಟ್ಟೆಯಿಂದ ಕೊಳವೆಯ ಜೋಡಣೆಗಳನ್ನು ಒರೆಸಿ. ಒರೆಸುವ ಮೊದಲು ಎಣ್ಣೆ ಕಲೆ ಇರುವ ಜಾಗಗಳನ್ನು ಗುರುತು ಹಾಕಿಕೊಳ್ಳಿ. ಒಂದು ಬಟ್ಟಲು ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ದ್ರವ ಹಾಕಿ ಮೆಲ್ಲಗೆ ಕಲಸಿ, ಮೊದಲೇ ನೊರೆ ಬರಿಸಬೇಡಿ. ನಾಲ್ಕು ಹನಿ ಗ್ಲಿಸರಿನ್ ಸೇರಿಸಿದರೆ ಗುಳ್ಳೆ ಬೇಗ ಒಡೆಯುವುದಿಲ್ಲ. ಹಳೆಯ ಪೇಂಟ್ ಬ್ರಷ್‌ನಿಂದ ಒಂದೊಂದೇ ಜಾಗಕ್ಕೆ ಸುತ್ತಲೂ ಹಚ್ಚಿ, ಟಾರ್ಚ್ ಬೆಳಕಿನಲ್ಲಿ ಎರಡು ನಿಮಿಷ ತಾಳ್ಮೆಯಿಂದ ನೋಡಿ. ದೊಡ್ಡ ಸೋರಿಕೆಯಾದರೆ ಗುಳ್ಳೆ ಉಬ್ಬಿ ಒಡೆಯುತ್ತದೆ. ಸಣ್ಣದಾದರೆ ಸಾಸಿವೆಯಷ್ಟು ಬಿಳಿ ನೊರೆ ನಿಧಾನವಾಗಿ ಕಟ್ಟಿಕೊಳ್ಳುತ್ತದೆ. ಹಿಂಭಾಗ ನೋಡಲು ಸಣ್ಣ ಕನ್ನಡಿ ಹಿಡಿಯಿರಿ.

ಎಲ್ಲೆಲ್ಲಿ ಹಚ್ಚಬೇಕು?

1. ನಟ್ಟು ಬಿಗಿದು ಕೂಡಿಸಿದ ಜೋಡಣೆಗಳು. ಕಂಪ್ರೆಸರ್ ನಡುಗುತ್ತಲೇ ಇರುವುದರಿಂದ ಇವು ಸಡಿಲವಾಗುತ್ತವೆ.

2. ಗ್ಯಾಸ್ ತುಂಬಿಸುವ ವಾಲ್ವಿನ ತುದಿಗಳು. ಇವುಗಳ ಮೇಲೆ ಮುಚ್ಚಳ ಇರಲೇಬೇಕು. ಗ್ಯಾಸ್ ತುಂಬಿಸಿ ಹೋದವರು ಮುಚ್ಚಳ ಹಾಕದೆ ಹೋಗುವುದರಿಂದಲೂ ಸೋರಿಕೆಯಾಗುತ್ತದೆ.

3. ಬೆಸುಗೆ ಹಾಕಿದ ಜಾಗಗಳು, ಮುಖ್ಯವಾಗಿ ಕಂಪ್ರೆಸರಿನ ಹತ್ತಿರದವು.

4. ಒತ್ತಡದ ಸ್ವಿಚ್ಚಿಗೆ ಹೋಗುವ ದಾರದಂಥ ಸಣ್ಣ ಕೊಳವೆ. ಇದು ಇನ್ನೊಂದು ಕೊಳವೆಗೆ ಉಜ್ಜಿ ಉಜ್ಜಿ ತೂತಾಗುತ್ತದೆ. ಉಜ್ಜುವುದು ಕಂಡರೆ ನಡುವೆ ರಬ್ಬರ್ ತುಂಡು ಇಡಿಸಿ.

5. ಕಂಡೆನ್ಸರಿನ ಬಾಗಿದ ಕೊಳವೆಗಳು.

ವಿದ್ಯುತ್ ತಂತಿ, ಪೆಟ್ಟಿಗೆಗಳ ಕಡೆ ಸೋಪಿನ ನೀರು ಹಚ್ಚಬೇಡಿ. ಪರೀಕ್ಷೆ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಸ್ವಿಚ್ ಹಾಕಿ. ನೊರೆ ಬಂದ ಜಾಗಕ್ಕೆ ಬಣ್ಣದ ದಾರ ಕಟ್ಟಿ, ಮೊಬೈಲ್‌ನಲ್ಲಿ ಫೋಟೊ ತೆಗೆದು ಒಕ್ಕೂಟದ ಎಂಜಿನಿಯರಿಂಗ್ ವಿಭಾಗಕ್ಕೆ ತಿಳಿಸಿ. ನಟ್ಟನ್ನು ನೀವೇ ಬಿಗಿಯಲು ಹೋಗಬೇಡಿ. ತಾಮ್ರದ ಕೊಳವೆ ಸೀಳಿದರೆ ಇರುವ ಗ್ಯಾಸೆಲ್ಲ ಒಮ್ಮೆಲೇ ಹೊರಗೆ ಬರುತ್ತದೆ.

ಟ್ಯಾಂಕಿನ ಒಳಗಿನ ಸೋರಿಕೆ

ಹೊರಗೆಲ್ಲೂ ನೊರೆ ಬರದೆ, ಗ್ಯಾಸ್ ಮಾತ್ರ ಕಡಿಮೆಯಾಗುತ್ತಿದ್ದರೆ ಟ್ಯಾಂಕಿನ ತಳದ ಎವಾಪರೇಟರ್ ಮೇಲೂ ಅನುಮಾನ ಪಡಬೇಕು. ತೂತು ಹೊರಮುಖಕ್ಕಿದ್ದರೆ ಗ್ಯಾಸ್ ಹೊದಿಕೆಯೊಳಗೆ ಹೋಗುತ್ತದೆ. ಒಳಮುಖಕ್ಕಿದ್ದರೆ ಗ್ಯಾಸೂ ಕಂಪ್ರೆಸರ್ ಎಣ್ಣೆಯೂ ಹಾಲಿಗೇ ಸೇರುತ್ತವೆ.

ಇದನ್ನು ನೋಡಲು ತೊಳೆದ ಟ್ಯಾಂಕಿನ ತಳ ಮುಳುಗುವಷ್ಟು ಶುದ್ಧ ನೀರು ಬಿಟ್ಟು, ಕಲಕುವ ಮೋಟಾರ್ ಮತ್ತು ಯಂತ್ರ ಎರಡನ್ನೂ ನಿಲ್ಲಿಸಿ, ನೀರು ಅಲುಗದಂತೆ ಬಿಡಿ. ಒಂದೇ ಜಾಗದಿಂದ ಮತ್ತೆ ಮತ್ತೆ ಗುಳ್ಳೆ ಏಳುತ್ತಿದ್ದರೆ, ಅಥವಾ ನೀರಿನ ಮೇಲೆ ಎಣ್ಣೆ ಪೊರೆ ಕಂಡರೆ, ಆ ಟ್ಯಾಂಕಿಗೆ ಒಂದು ಹನಿ ಹಾಲೂ ಹಾಕಬೇಡಿ. ಕೂಡಲೇ ಒಕ್ಕೂಟಕ್ಕೆ ತಿಳಿಸಿ. ಈ ರಿಪೇರಿ ಊರಿನ ವೆಲ್ಡಿಂಗ್ ಅಂಗಡಿಯ ಕೆಲಸವಲ್ಲ.

ಇಂಥ ತೂತು ಬೀಳುವುದಕ್ಕೆ ನಮ್ಮ ಕೈಯಲ್ಲೇ ಇರುವ ಒಂದು ಕಾರಣವಿದೆ. ಕ್ಲೋರಿನ್ ದ್ರಾವಣವನ್ನು ಅಳತೆ ಮೀರಿ ಹಾಕುವುದು, ಅಥವಾ ರಾತ್ರಿಯಿಡೀ ಟ್ಯಾಂಕಿನಲ್ಲಿ ಬಿಡುವುದು. ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ ಎಂದು ನಾವು ತಿಳಿದಿದ್ದೇವೆ, ಆದರೆ ಕ್ಲೋರಿನ್ ಅದನ್ನು ಸೂಜಿಮೊನೆಯಂತೆ ಕೊರೆಯುತ್ತದೆ. ಒಕ್ಕೂಟ ಹೇಳಿದ ಅಳತೆ, ಹೇಳಿದಷ್ಟೇ ಹೊತ್ತು, ಆಮೇಲೆ ಚೆನ್ನಾಗಿ ನೀರು. ಇಷ್ಟು ಪಾಲಿಸಿ.

ತಂತ್ರಜ್ಞರು ಏನು ಮಾಡಬೇಕು? ನೀವು ಏನು ಕೇಳಬೇಕು?

ಸೋಪಿಗೆ ಸಿಗದ ಸಣ್ಣ ಸೋರಿಕೆಗೆ ಎಲೆಕ್ಟ್ರಾನಿಕ್ ಪತ್ತೆ ಸಾಧನವಿದೆ. ಅದರ ಮೂತಿಯನ್ನು ಕೊಳವೆಯ ಗುಂಟ ತುಂಬಾ ನಿಧಾನವಾಗಿ, ಸೆಕೆಂಡಿಗೆ ಒಂದೆರಡು ಇಂಚಿನಂತೆ ಸಾಗಿಸಬೇಕು. ಈ ಶೀತಕಗಳು ಗಾಳಿಗಿಂತ ಭಾರ, ಕೆಳಗೆ ಇಳಿಯುತ್ತವೆ. ಆದ್ದರಿಂದ ಜೋಡಣೆಯ ತಳಭಾಗವನ್ನು ತಪ್ಪದೆ ನೋಡಬೇಕು. ಫ್ಯಾನ್ ಹಾಕಿಕೊಂಡು ಹುಡುಕಿದರೆ ಗ್ಯಾಸ್ ಹಾರಿಹೋಗಿ ಏನೂ ಸಿಗುವುದಿಲ್ಲ.

ಗ್ಯಾಸ್ ಪೂರ್ತಿ ಸೋರಿಹೋಗಿದ್ದರೆ ಒಣ ಸಾರಜನಕ ತುಂಬಿಸಿ ಒತ್ತಡ ಪರೀಕ್ಷೆ ಮಾಡುತ್ತಾರೆ. ಸಾರಜನಕ ಎಂದರೆ ನಮ್ಮ ಕೃತಕ ಗರ್ಭಧಾರಣೆಯ ಪಾತ್ರೆಯಲ್ಲಿ ವೀರ್ಯದ ಕಡ್ಡಿಗಳನ್ನು ಮೈನಸ್ 196 ಡಿಗ್ರಿಯಲ್ಲಿ ಕಾಪಾಡುವುದೂ ಅದೇ. ಆದರೆ ಇಲ್ಲಿ ಬಳಸುವುದು ಸಿಲಿಂಡರಿನ ಅನಿಲ ರೂಪವನ್ನು, ಒತ್ತಡ ನಿಯಂತ್ರಕ ಜೋಡಿಸಿ. ಒತ್ತಡ ತುಂಬಿಸಿ ಕೆಲವು ಗಂಟೆ ಬಿಟ್ಟು, ಮುಳ್ಳು ಇಳಿಯಿತೇ ಎಂದು ನೋಡಬೇಕು. ಈ ಕೆಲಸಕ್ಕೆ ಆಮ್ಲಜನಕದ ಸಿಲಿಂಡರ್ ತಂದರೆ ಒಳಗೆ ಬಿಡಬೇಡಿ. ಒತ್ತಡದ ಆಮ್ಲಜನಕಕ್ಕೆ ಕಂಪ್ರೆಸರ್ ಎಣ್ಣೆ ತಾಗಿದರೆ ಸ್ಫೋಟವಾಗುತ್ತದೆ.

ತಂತ್ರಜ್ಞರು ಬಂದಾಗ ಸಂಘದ ಕಾರ್ಯದರ್ಶಿ ಈ ಪ್ರಶ್ನೆಗಳನ್ನು ಕೇಳಲಿ:

1. ಸೋರಿಕೆ ಎಲ್ಲಿತ್ತು? ನಮಗೆ ತೋರಿಸಿ.

2. ರಿಪೇರಿ ಆದ ಮೇಲೆ ಮತ್ತೆ ಒತ್ತಡ ಪರೀಕ್ಷೆ ಮಾಡಿದಿರಾ? ಎಷ್ಟು ಹೊತ್ತು ನಿಂತಿತು?

3. ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ, ತೇವ ತೆಗೆದಿರಾ? ತೇವ ಉಳಿದರೆ ವಾಲ್ವಿನಲ್ಲಿ ಹೆಪ್ಪುಗಟ್ಟುತ್ತದೆ, ಒಳಗೆ ಆಮ್ಲ ಹುಟ್ಟಿ ಕಂಪ್ರೆಸರನ್ನು ತಿನ್ನುತ್ತದೆ.

4. ತೇವ ಹೀರುವ ಫಿಲ್ಟರ್ ಬದಲಿಸಿದಿರಾ?

5. ಫಲಕದಲ್ಲಿ ಬರೆದ ಗ್ಯಾಸನ್ನೇ ಹಾಕಿದಿರಾ? ಆರ್-22 ಇರುವಲ್ಲಿ ಆರ್-404ಎ ಬೆರೆಸುವಂತಿಲ್ಲ. ಅವಕ್ಕೆ ಬೇಕಾದ ಎಣ್ಣೆಯೂ ಬೇರೆ.

6. ಎಷ್ಟು ತೂಕ ಹಾಕಿದಿರಿ? ತಕ್ಕಡಿಯಲ್ಲಿ ತೂಗಿದಿರಾ?

ಹಾಲನ್ನು ಅಳತೆ ಇಲ್ಲದೆ ನಾವು ತೆಗೆದುಕೊಳ್ಳುವುದಿಲ್ಲ, ಡಿಗ್ರಿ, ಫ್ಯಾಟ್ ನೋಡದೆ ಹಣ ಕೊಡುವುದಿಲ್ಲ. ಗ್ಯಾಸಿಗೂ ಅದೇ ಶಿಸ್ತು ಬೇಕು. ಉತ್ತರಗಳನ್ನು ಬಿಲ್ಲಿನ ಮೇಲೆ ಬರೆಸಿಕೊಂಡು ಸಹಿ ಪಡೆಯಿರಿ.

ಸುರಕ್ಷತೆ

ಬೆಂಕಿಕಡ್ಡಿ, ಊದುಬತ್ತಿ, ದೀಪ ಹಿಡಿದು ಸೋರಿಕೆ ಹುಡುಕಬೇಡಿ. ಆರ್-22, ಆರ್-404ಎ ಹೊತ್ತಿ ಉರಿಯುವುದಿಲ್ಲವಾದರೂ ಬೆಂಕಿಗೆ ತಾಗಿದರೆ ವಿಷದ ಆಮ್ಲ ಹೊಗೆಯಾಗುತ್ತವೆ. ಮನೆಯ ಹೊಸ ಫ್ರಿಜ್‌ಗಳಲ್ಲಿ ಇರುವ ಆರ್-600ಎ ಅಂತೂ ಅಡುಗೆ ಗ್ಯಾಸಿನಂತೆಯೇ ಹೊತ್ತಿಕೊಳ್ಳುತ್ತದೆ.

ದೊಡ್ಡ ಸೋರಿಕೆಯಾಗಿ ‘ಸುಯ್’ ಸದ್ದು ಕೇಳಿದರೆ ಕಿಟಕಿ ಬಾಗಿಲು ತೆರೆದು ಹೊರಗೆ ಬನ್ನಿ. ಭಾರದ ಗ್ಯಾಸ್ ನೆಲಮಟ್ಟದಲ್ಲಿ ತುಂಬಿಕೊಂಡು ಉಸಿರಾಡುವ ಗಾಳಿಯನ್ನು ತಳ್ಳುತ್ತದೆ. ಮಕ್ಕಳನ್ನು ಒಳಗೆ ಬಿಡಬೇಡಿ. ದ್ರವ ಶೀತಕ ಚರ್ಮಕ್ಕೆ ತಾಗಿದರೆ ಹಿಮದ ಹುಣ್ಣಾಗುತ್ತದೆ. ಉಜ್ಜಬೇಡಿ, ಉಗುರುಬೆಚ್ಚಗಿನ ನೀರು ಹಾಕಿ. ಕಣ್ಣಿಗೆ ಬಿದ್ದರೆ ನೀರಿನಿಂದ ತೊಳೆಯುತ್ತಲೇ ಆಸ್ಪತ್ರೆಗೆ ಹೋಗಿ. ಕಂಪ್ರೆಸರಿನಿಂದ ಹೊರಡುವ ಕೊಳವೆ ಸುಡುವಷ್ಟು ಬಿಸಿಯಿರುತ್ತದೆ, ಮುಟ್ಟಬೇಡಿ.

ಯಂತ್ರ ಕೈಕೊಟ್ಟ ರಾತ್ರಿ ಹಾಲನ್ನು ಏನು ಮಾಡುವುದು?

ಮೊದಲು ಒಕ್ಕೂಟಕ್ಕೆ ಫೋನ್ ಮಾಡಿ. ಟ್ಯಾಂಕರ್ ಬೇಗ ಕಳಿಸಲು ಅಥವಾ ಹಾಲನ್ನು ಕ್ಯಾನುಗಳಲ್ಲಿ ಹತ್ತಿರದ ಬಿ.ಎಂ.ಸಿ.ಗೆ ಸಾಗಿಸಲು ಕೇಳಿ. ತಂಪಾಗಿರುವ ಹಳೆಯ ಹಾಲಿಗೆ ಹೊಸ ಬಿಸಿ ಹಾಲು ಸುರಿಯಬೇಡಿ, ಎರಡೂ ಕೆಡುತ್ತವೆ. ಕ್ಯಾನುಗಳನ್ನು ತಣ್ಣೀರಿನ ತೊಟ್ಟಿಯಲ್ಲಿ ಕುತ್ತಿಗೆಮಟ್ಟ ನಿಲ್ಲಿಸಿ, ಸಿಕ್ಕರೆ ಆ ನೀರಿಗೆ ಐಸ್ ಹಾಕಿ. ಒದ್ದೆ ಗೋಣಿ ಸುತ್ತಿ ಗಾಳಿಯಾಡುವಲ್ಲಿ ಇಟ್ಟರೂ ಸ್ವಲ್ಪ ಉಪಕಾರವಾಗುತ್ತದೆ. ಹಾಲಿನೊಳಗೆ ಮಾತ್ರ ಐಸ್ ಹಾಕಬೇಡಿ. ಸೋಡಾ, ಹೈಡ್ರೋಜನ್ ಪೆರಾಕ್ಸೈಡ್, ಫಾರ್ಮಲಿನ್ ಹಾಕಿ ಹಾಲು ಉಳಿಸಬಹುದು ಎಂದು ಯಾರೇ ಹೇಳಿದರೂ ಕೇಳಬೇಡಿ. ಅದು ಕಲಬೆರಕೆ, ಕಾನೂನಿನ ಪ್ರಕಾರ ಅಪರಾಧ. ಆ ಹಾಲು ಕುಡಿಯುವುದು ಯಾರದೋ ಮಗು.

ಮನೆಯ ಕಾರಿನ ಎ.ಸಿ.ಗೂ ಇದೇ ಪಾಠ

ನಿಮ್ಮಲ್ಲಿ ಕೆಲವರ ಮನೆಯಲ್ಲಿ ಕಾರು, ಬಾಡಿಗೆ ಟ್ಯಾಕ್ಸಿ ಇವೆ. ಅದರ ಎ.ಸಿ.ಯೂ ಇದೇ ನಾಲ್ಕು ಭಾಗಗಳ ಯಂತ್ರ. ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಆರ್-134ಎ, ಕೆಲವು ಹೊಸ ಕಾರುಗಳಲ್ಲಿ ಆರ್-1234ವೈಎಫ್. ಬಾನೆಟ್ ಕೆಳಗಿನ ಚೀಟಿಯಲ್ಲಿ ಬರೆದಿರುತ್ತದೆ.

ಕಾರಿನಲ್ಲಿ ಸೋರಿಕೆಯ ದಾರಿಗಳು ಹೆಚ್ಚು. ಕಂಪ್ರೆಸರ್ ಎಂಜಿನ್ ಬೆಲ್ಟಿನಿಂದ ತಿರುಗುವುದರಿಂದ ಅದರ ದಂಡ ಹೊರಗೆ ಬರುವಲ್ಲಿ ರಬ್ಬರ್ ಸೀಲ್ ಇರುತ್ತದೆ. ಕೊಳವೆಗಳಲ್ಲಿ ಕೆಲವು ರಬ್ಬರಿನವು. ಕಂಡೆನ್ಸರ್ ಮುಂದುಗಡೆ ಇರುವುದರಿಂದ ಕಲ್ಲಿನ ಏಟು ಬೀಳುತ್ತದೆ. ಇಲ್ಲಿ ಮೆಕ್ಯಾನಿಕ್‌ಗಳು ಎಣ್ಣೆಯ ಜೊತೆ ಹೊಳೆಯುವ ಬಣ್ಣ ಸೇರಿಸಿ, ಕೆಲವು ದಿನ ಓಡಿಸಿ, ಅತಿನೇರಳೆ ದೀಪದಲ್ಲಿ ನೋಡುತ್ತಾರೆ. ಸೋರಿದ ಜಾಗ ಹಸಿರು ಹಳದಿಯಾಗಿ ಹೊಳೆಯುತ್ತದೆ. ಡ್ಯಾಶ್‌ಬೋರ್ಡಿನೊಳಗಿನ ಎವಾಪರೇಟರ್ ಕಣ್ಣಿಗೆ ಕಾಣದ್ದರಿಂದ, ನೀರು ಹೊರಹೋಗುವ ಸಣ್ಣ ಕೊಳವೆಯ ಬಾಯಿಗೆ ಪತ್ತೆ ಸಾಧನ ಹಿಡಿಯುತ್ತಾರೆ. ಎ.ಸಿ. ಹಾಕಿದಾಗ ಕಾರಿನ ಕೆಳಗೆ ತೊಟ್ಟಿಕ್ಕುವ ನೀರು ಗ್ಯಾಸ್ ಅಲ್ಲ, ಹೆದರಬೇಡಿ. ಮಳೆಗಾಲ, ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಓಡಿಸಿದರೆ ಸೀಲಿಗೆ ಎಣ್ಣೆ ತಲುಪಿ ಒಣಗಿ ಬಿರಿಯುವುದು ತಪ್ಪುತ್ತದೆ.

ಸೋರಿದ ಗ್ಯಾಸ್ ಎಲ್ಲಿಗೆ ಹೋಗುತ್ತದೆ?

ಆಕಾಶಕ್ಕೆ. ಆರ್-22ರಲ್ಲಿರುವ ಕ್ಲೋರಿನ್ ಓಜೋನ್ ಪದರಕ್ಕೆ ಹಾನಿ ಮಾಡುತ್ತದೆ. ಅದಕ್ಕೇ 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅದರ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸಲಾಗುತ್ತಿದೆ. ಆರ್-404ಎ ಓಜೋನಿಗೆ ಹಾನಿ ಮಾಡದಿದ್ದರೂ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದರ ಒಂದು ಕಿಲೋ ಸುಮಾರು 3,900 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಬಿಸಿ ಹೆಚ್ಚಾದ ಬೇಸಿಗೆಯಲ್ಲಿ ಮೊದಲು ಬಾಯಿ ತೆರೆದು ಏದುಸಿರು ಬಿಡುವುದು ನಮ್ಮ ಮಿಶ್ರತಳಿ ಹಸುಗಳೇ. ಆದ್ದರಿಂದ ರಿಪೇರಿ ವೇಳೆ ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಹಿಡಿದುಕೊಳ್ಳಲು ಹೇಳಿ.

ಇವತ್ತಿನಿಂದಲೇ ಶುರುಮಾಡಿ

ಪ್ರತಿದಿನ: ಎಷ್ಟು ಲೀಟರ್ ಹಾಲು, ಹಾಕಿದಾಗಿನ ತಾಪಮಾನ, ಗಂಟೆಗೊಮ್ಮೆ ತಾಪಮಾನ, 4 ಡಿಗ್ರಿ ಮುಟ್ಟಿದ ಸಮಯ. ನಾಲ್ಕೇ ಅಂಕಣ ಸಾಕು.

ಪ್ರತಿ ವಾರ: ಕಂಡೆನ್ಸರ್ ಜಾಲರಿಯ ಧೂಳನ್ನು ಯಂತ್ರ ನಿಲ್ಲಿಸಿ ಮೆತ್ತನೆಯ ಬ್ರಷ್‌ನಿಂದ ತೆಗೆಯುವುದು.

ಪ್ರತಿ ತಿಂಗಳು: ಟಾರ್ಚ್ ಹಿಡಿದು ಎಣ್ಣೆ ಕಲೆ ಹುಡುಕುವುದು, ವಾಲ್ವಿನ ಮುಚ್ಚಳ ನೋಡುವುದು, ಐಸ್ ನೀರಿನಲ್ಲಿ ಥರ್ಮಾಮೀಟರ್ ಪರೀಕ್ಷೆ.

ಬೇಸಿಗೆಗೆ ಮುಂಚೆ, ಜನವರಿ ಫೆಬ್ರವರಿಯಲ್ಲಿ: ಪೂರ್ತಿ ಸೋಪಿನ ನೀರಿನ ಪರೀಕ್ಷೆ ಒಮ್ಮೆ.

ತಂಪಾಗುವ ಸಮಯ ಅರ್ಧ ಗಂಟೆ ಹೆಚ್ಚಾದರೂ ಆಡಳಿತ ಮಂಡಳಿ ಸಭೆಯಲ್ಲಿ ಹೇಳಿ. ‘ಗ್ಯಾಸ್ ತುಂಬಿಸಿ’ ಎನ್ನುವ ಬದಲು ‘ಸೋರಿಕೆ ಹುಡುಕಿ’ ಎನ್ನಿ. ಬೆಳಗಿನ ಜಾವ ಎದ್ದು ಸಗಣಿ ಬಾಚಿ, ಕೆಚ್ಚಲು ತೊಳೆದು ಕರೆದ ಹಾಲು ಡೇರಿ ತಲುಪುವವರೆಗೂ ಚೆನ್ನಾಗಿರಬೇಕಾದರೆ ಯಂತ್ರವನ್ನೂ ಹಸುವಿನಷ್ಟೇ ಗಮನವಿಟ್ಟು ನೋಡಿಕೊಳ್ಳಬೇಕು. ಅನುಮಾನವಿದ್ದಾಗ ನಿಮ್ಮ ವಲಯದ ವಿಸ್ತರಣಾಧಿಕಾರಿಯನ್ನೋ ನಮ್ಮನ್ನೋ ಕೇಳಲು ಹಿಂಜರಿಯಬೇಡಿ.